ಉಸುಕಿನ ಹೊಂಡದ ತಳ

ನಮ್ಮ ಅತ್ತೆಗೂ ನೆಲಕ್ಕೂ ಎಂದೂ ಆಗಿಬಂದಿಲ್ಲ. ಅಪ್ಪನ ಅಕ್ಕ ಅವಳು. ಎಳೆಯ ವಯಸ್ಸಿನಲ್ಲಿ ಬಂದ ಒಂದು ಜ್ವರ ಅವಳ ಎಡಗಾಲನ್ನು ತೊಡೆಯಿಂದ ಕೆಳಗೆ ಒಣಗಿಸಿಬಿಟ್ಟಿತು. ಮೊಣಕಾಲ ಮೇಲೆ ಕೈ ಒತ್ತಿ, ಸೊಂಟ ಹೊರಳಿಸಿ, ಒಂದೊಂದು ಹೆಜ್ಜೆಯನ್ನೂ ನೆಲದ ಜೊತೆ ಜಗಳವಾಡಿ ಕಿತ್ತುಕೊಳ್ಳುತ್ತಿದ್ದಳು. ಮದುವೆಯಾಗಲಿಲ್ಲ. ನೋಡಲು ಬಂದವರು ಅವಳು ಕೂತಿದ್ದಾಗ ಒಪ್ಪಿ, ಎದ್ದಾಗ ಉಪ್ಪಿಟ್ಟು ಮುಗಿಸಿ ಹೋದರಂತೆ. ಇದನ್ನು ನನಗೆ ಹೇಳಿದವಳು ಅವಳೇ, ನಗುತ್ತ. ಊರಿನವರಿಗೆ ಅವಳ ಹೆಸರು ಗೊತ್ತಿತ್ತು, ಆದರೆ ಕರೆಯುತ್ತಿದ್ದದ್ದು ಕುಂಟವ್ವ ಎಂದೇ. ಅವಳು ಬೀದಿಗಿಳಿದರೆ ಹಿಂದೆ ನಾಲ್ಕಾರು ಮಕ್ಕಳು ಮೊಣಕಾಲ ಮೇಲೆ ಕೈಯೂರಿ ಕುಂಟುತ್ತ ಬರುತ್ತಿದ್ದವು. ಕಟ್ಟೆಯ ಮೇಲೆ ಕೂತ ದೊಡ್ಡವರು "ಏ, ಬಿಡ್ರಲೇ" ಎಂದು ಗದರುತ್ತಿದ್ದರು, ತಮ್ಮ ನಗು ಮುಗಿದ ಮೇಲೆ.

ನಮ್ಮೂರು ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿಗೆ ಹೋಗುವ ದಾರಿ ಬಿಟ್ಟು ಒಳಕ್ಕೆ, ಹಳ್ಳದ ದಂಡೆಗಿದೆ. ಆ ಹಳ್ಳದಲ್ಲಿ ವರ್ಷದ ಹೆಚ್ಚು ದಿನ ಕಾಣುವುದು ಉಸುಕು ಮಾತ್ರ. ಆಷಾಢದ ಗಾಳಿ ಒಣ ಉಸುಕನ್ನು ಎತ್ತಿ ತಂದು ಮೂಡಲ ದಂಡೆಗೆ ಸುರಿಯುತ್ತದೆ. ಎಷ್ಟು ತಲೆಮಾರು ಹಾಗೆ ಸುರಿಯಿತೋ ಏನೋ, ಅಲ್ಲಿ ಮನೆಯೆತ್ತರದ ದಿಬ್ಬಗಳು ಸಾಲಾಗಿ ನಿಂತಿವೆ. ಆ ದಿಬ್ಬಗಳ ನಡುವೆ ಒಂದು ಹೊಂಡವಿತ್ತು. ಕಡಲ ದಂಡೆಯ ಉಸುಕಿನಲ್ಲಿ ಇಂಥ ಸಿಹಿನೀರಿನ ಹೊಂಡಗಳಿರುತ್ತವೆ ಎಂದು ಎಷ್ಟೋ ಕಾಲದ ಮೇಲೆ ಯಾರೋ ಹೇಳಿದರು. ನಾವು ಕಡಲನ್ನೂ ಕಂಡವರಲ್ಲ, ಇಂಥ ಇನ್ನೊಂದು ಹೊಂಡವನ್ನೂ ಕಂಡವರಲ್ಲ. ಕೂಡ್ಲಿಗಿ ಕಡೆಯ ನೆಂಟರಿಗೆ ಹೇಳಿದರೆ, "ಉಸುಕಿನಾಗ ನೀರು ನಿಂದರ್ತೈತೇನು? ಸುಳ್ಳು ಹೇಳಿದ್ರ ಹೊಂದಿಸಿ ಹೇಳ್ರಿ" ಎನ್ನುತ್ತಿದ್ದರು.

ನಿಲ್ಲುತ್ತಿತ್ತು. ಏರಿಯಿಲ್ಲ, ತೂಬಿಲ್ಲ, ಹಳ್ಳದಿಂದ ಕಾಲುವೆಯೂ ಇಲ್ಲ. ಮಳೆಗಾಲದಲ್ಲಿ ದಿಬ್ಬಗಳು ಕುಡಿದಿಟ್ಟ ನೀರು ಬೇಸಿಗೆಯವರೆಗೂ ಸುತ್ತಲಿಂದ ಒಸರುತ್ತಿತ್ತು. ತಳದಲ್ಲಿ ಪಾದ ಮುಳುಗುವಷ್ಟು ಕರೀ ರಾಡಿ. ಕೊಳೆತ ಜೊಂಡು, ಹಕ್ಕಿಗಳ ಹಿಕ್ಕೆ, ಎಲ್ಲ ಸೇರಿದ ಒಂದು ಹಳೆಯ ವಾಸನೆ. ಜೊಂಡಿನೊಳಗೆ ಗುಳುಮುಳುಕ ಹಕ್ಕಿಗಳು ತೇಲುವ ಗೂಡು ಕಟ್ಟುತ್ತಿದ್ದವು. ದಿಬ್ಬದ ಕಡಿದಾದ ಮೈಯಲ್ಲಿ ಹಸಿರು ಹಕ್ಕಿಗಳು ತೂತು ಕೊರೆದು ಮರಿ ಮಾಡುತ್ತಿದ್ದವು. ಚಳಿಗಾಲದಲ್ಲಿ ತಲೆಗೆ ಕರಿಪಟ್ಟೆಯಿರುವ ದೊಡ್ಡ ಬಾತುಗಳು ಎಲ್ಲಿಂದಲೋ ಹಿಂಡಾಗಿ ಬಂದು, ಹಗಲು ನೀರಿನಲ್ಲಿ ತೂಕಡಿಸಿ, ಇಳಿಹೊತ್ತಿಗೆ ನಮ್ಮ ಕಡಲೆ ಹೊಲಕ್ಕೆ ಊಟಕ್ಕೆ ಹೋಗುತ್ತಿದ್ದವು. ಪ್ರೀತಿ ಉಕ್ಕಿ ಇದನ್ನೆಲ್ಲ ಹೇಳುತ್ತಿಲ್ಲ. ನೀರುಹಾವು ಕಪ್ಪೆಯನ್ನು ಹಿಂಗಾಲಿನಿಂದ ನುಂಗುವಾಗ ಅದು ಬಹಳ ಹೊತ್ತು ಕೂಗುತ್ತಿತ್ತು, ನಾವು ಮಕ್ಕಳು ಕೂತು ನೋಡುತ್ತಿದ್ದೆವು. ಆದರೆ ಹಾವು ಕಪ್ಪೆಯನ್ನು ಅಣಕಿಸಿದ್ದನ್ನು ನಾನು ನೋಡಿಲ್ಲ.

ಅತ್ತೆ ದಿನವೂ ಮಧ್ಯಾಹ್ನ ಹೊಂಡಕ್ಕೆ ಹೋಗುತ್ತಿದ್ದಳು. ಗಂಡಸರು ಹೊಲದಲ್ಲಿರುವ ಆ ಹೊತ್ತು ಹೆಂಗಸರು ಮಕ್ಕಳದು ಎಂಬುದು ಊರಿನ ರೂಢಿ. ದಿಬ್ಬವನ್ನು ಅಂಬೆಗಾಲಿಟ್ಟು ಹತ್ತಿ, ನೆತ್ತಿಯ ಮೇಲೆ ಸೀರೆ ಬಿಗಿದು ಕೂತು, ಜಾರಿದರೆ ನೇರ ನೀರಿಗೆ. ನೀರು ಮುಟ್ಟಿದ ಕೂಡಲೇ ಅವಳು ಬೇರೆಯವಳು. ಒಣಗಿದ ಕಾಲು ಮಾತು ಕೇಳುವ ಕರುವಿನಂತೆ ಹಿಂದೆ ತೇಲಿಕೊಂಡು ಬರುತ್ತಿತ್ತು. ಸದ್ದಿಲ್ಲದೆ ಆ ದಡಕ್ಕೆ ಹೋಗಿ ಈ ದಡಕ್ಕೆ ಬರುವಳು. ಗುಳುಮುಳುಕಗಳು ಅವಳನ್ನು ಕಂಡು ಮುಳುಗುತ್ತಲೇ ಇರಲಿಲ್ಲ. ನೀರಿನಲ್ಲಿ ಅಂಥದ್ದೇನು ಸುಖ ಎಂದು ಒಮ್ಮೆ ಕೇಳಿದ್ದೆ.

"ಕಾಲು ನೆಲಕ್ಕ ತಾಗಂಗಿಲ್ಲ ನೋಡು, ಅದ ಸುಖ" ಎಂದಳು.

ಊರಿನ ಮಕ್ಕಳಿಗೆಲ್ಲ ಈಜು ಕಲಿಸಿದವಳೂ ಅವಳೇ. ದಿಬ್ಬದ ಮೇಲೆ ಬೆಳೆಯುವ ಕತ್ತಾಳೆಯ ಹೂಗಂಬ ಒಣಗಿದರೆ ಬಲು ಹಗುರ. ಅದನ್ನು ಕಡಿದು ಬೆಂಡು ಮಾಡಿ, ಮಗುವಿನ ಬೆನ್ನಿಗೆ ಹಗ್ಗದಿಂದ ಬಿಗಿದು, ನೀರಿಗೆ ನೂಕುವುದು ನಮ್ಮ ಕಡೆಯ ಪದ್ಧತಿ. ಅತ್ತೆ ದಿನಕ್ಕೊಂದು ಚೂರು ಬೆಂಡನ್ನು ಕುಡುಗೋಲಿನಿಂದ ಕೊಯ್ದು ಸಣ್ಣದು ಮಾಡುತ್ತಿದ್ದಳು, ಮಗುವಿಗೆ ಹೇಳುತ್ತಿರಲಿಲ್ಲ. ಕೊನೆಗೊಂದು ದಿನ ಬೆನ್ನ ಮೇಲೆ ಬರೀ ಹಗ್ಗದ ಗಂಟಿರುತ್ತಿತ್ತು, ಮಗು ಈಜುತ್ತಿತ್ತು. ದಯೆ ಗಿಯೆ ಅವಳ ಹತ್ತಿರ ಇರಲಿಲ್ಲ. ದಡ ಹಿಡಿಯಲು ಬಂದವರ ಬೆರಳಿಗೆ ಕೋಲಿನಿಂದ ಬಾರಿಸುತ್ತಿದ್ದಳು. "ಅಳು, ಅಳು, ಹೊಂಡರ ತುಂಬಲಿ" ಎನ್ನುತ್ತಿದ್ದಳು. ನನ್ನ ವಾರಿಗೆಯ ಒಬ್ಬ ಹುಡುಗ, ಮುಂದೆ ಪಂಚಾಯಿತಿ ಮೆಂಬರ್ ಆದವನು, ಮೊದಲ ದಿನವೇ ನೀರು ಕುಡಿದು ಅವಳ ಕೊರಳಿಗೆ ಜೋತುಬಿದ್ದು ಬಿಡಲೊಲ್ಲ. ಅವಳು ಅವನನ್ನು ಕಿತ್ತು ಮತ್ತೆ ನೀರಿಗೆಸೆದಳು. ಸಂಜೆ ಅದೇ ಹುಡುಗ ಬೀದಿಯಲ್ಲಿ ಅವಳ ಹಿಂದೆ ಕುಂಟುತ್ತ ಬಂದ, ಎಲ್ಲರಿಗಿಂತ ಚೆನ್ನಾಗಿ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುತ್ತಾರಲ್ಲ, ನಮ್ಮೂರಿನವರಿಗೆ ಅಷ್ಟು ತಡೆಯುವ ತಾಳ್ಮೆಯೂ ಇಲ್ಲ.

ನಾನು ಮದುವೆಯಾಗಿ ಹಡಗಲಿಗೆ ಹೋದ ಮೇಲೆ ಹೊಂಡಕ್ಕೆ ಹೆಸರು ಬಂತು. ಯಾರೋ ದಿಬ್ಬದ ಮೇಲಿಂದ ಫೋನಿನಲ್ಲಿ ವಿಡಿಯೋ ಮಾಡಿ ಹಾಕಿದರು. ಭಾನುವಾರ ಬಂತೆಂದರೆ ಕೊಟ್ಟೂರು, ಹರಪನಹಳ್ಳಿ, ಕಾನಹೊಸಹಳ್ಳಿಯಿಂದ ಬೈಕುಗಳು. ಮಂಡಕ್ಕಿ ಮಿರ್ಚಿಯ ಗಾಡಿ, ಹುಟ್ಟುಹಬ್ಬದ ಕೇಕು, ಲಾರಿ ಟ್ಯೂಬಿನಲ್ಲಿ ಕೂತು ತೇಲುವವರು, ಜೊಂಡಿನೊಳಗೆ ಒಡೆದ ಬಾಟಲಿಗಳು. ದಿನವಿಡೀ ದಿಬ್ಬದಿಂದ ಜಾರಿ ಜಾರಿ ಉಸುಕು ನೀರಿಗಿಳಿಯಿತು. ಬಾತುಗಳು ಒಂದು ಚಳಿಗಾಲ ಮೇಲೆ ಸುತ್ತು ಹಾಕಿ, ಇಳಿಯದೆ ಹೋದವು, ಮತ್ತೆ ಬರಲಿಲ್ಲ. ಆಳ ಕಡಿಮೆಯಾಗುತ್ತ ಹೋಗಿ ಬೇಸಿಗೆಯಲ್ಲಿ ನೀರು ಸೊಂಟಕ್ಕಿಂತ ಕೆಳಗಿಳಿಯಿತು. ಯುಗಾದಿಗೆ ತವರಿಗೆ ಹೋದಾಗ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದು, "ಕಾಲು ತಾಗಾಕ ಹತ್ತೈತಿ" ಎಂದಳು. ಕೆಟ್ಟ ರೋಗದ ಸುದ್ದಿ ಹೇಳುವವರ ದನಿಯಿತ್ತು ಅದರಲ್ಲಿ.

ಅವಳಿಗೆ ಹೊಳೆದ ಉಪಾಯ ನಮ್ಮ ಸೀಮೆಯ ಯಾರಿಗಾದರೂ ಹೊಳೆಯುವಂಥದ್ದೇ. ಇಲ್ಲಿ ಕೆರೆ ಎಂದರೆ ಹೂಳು ತುಂಬುವ ಜಾಗ, ಹೂಳು ತೆಗೆಸುವುದೆಂದರೆ ಪುಣ್ಯ. ತೆಗೆದ ಹೂಳನ್ನು ನಾವು ಗೋಡು ಎನ್ನುತ್ತೇವೆ. ಗೋಡು ಬಿದ್ದ ಹೊಲಕ್ಕೆ ಎರಡು ವರ್ಷ ಗೊಬ್ಬರ ಬೇಡ. ಹೂಳೆತ್ತಿ ಕೆಟ್ಟ ಕೆರೆಯನ್ನು ಯಾರೂ ಕಂಡಿರಲಿಲ್ಲ. ಆ ವರ್ಷದ ಗ್ರಾಮಸಭೆ ಶಾಲೆಯ ಅಂಗಳದಲ್ಲಿ ಸೇರಿದಾಗ ಅತ್ತೆ ಮೊದಲ ಬಾರಿ ಅಂಥ ಕಡೆ ಎದ್ದು ನಿಂತಳು. "ಹೊಂಡದ ಹೂಳು ತಗೀರಿ, ಆಳ ಆಗ್ಲಿ" ಎಂದಳು.

ಮೆಂಬರ್ ಮೈಕು ಹಿಡಿದಿದ್ದ. "ಕುಂಟವ್ವಗ ಈಜುಕೊಳ ಬೇಕಂತ್ರಪೋ! ಮೆಟ್ಲು ಕಟ್ಟಿಸಬೇಕೇನವ್ವ, ಇಲ್ಲಾ ಲಿಫ್ಟು ಹಾಕ್ಸೋಣ?" ಎಂದ.

ಸಭೆಯೆಲ್ಲ ನಕ್ಕಿತು. ಅತ್ತೆ ಕೂರಲಿಲ್ಲ. "ಗೋಡು ನಿಮ್ಮ ಹೊಲಕ್ಕ ಹಾಕ್ಕೊಳ್ರಿ, ನೀರು ನನಗ ಬಿಡ್ರಿ" ಎಂದಳು. ನಗು ನಿಂತಿತು. ಗೋಡಿನ ಲೆಕ್ಕ ಎಲ್ಲರ ತಲೆಗೂ ಒಟ್ಟಿಗೇ ಹೊಕ್ಕಿತು. ಆ ಸಭೆಯಲ್ಲಿ ಚರ್ಚೆಯಿಲ್ಲದೆ ಒಪ್ಪಿಗೆಯಾದದ್ದು ಇದೊಂದೇ ಎಂದು ಅಪ್ಪ ಆಮೇಲೆ ಹೇಳಿದ.

ಕೆಲಸ ನಡೆದಾಗ ನಾನು ಊರಲ್ಲೇ ಇದ್ದೆ. ಉಳಿದ ನೀರನ್ನು ಪಂಪಿನಿಂದ ಎತ್ತಿ ಹೊರಚೆಲ್ಲಿದರು. ಮೀನನ್ನು ಬುಟ್ಟಿ ತುಂಬಿಕೊಂಡರು. ಆಮೆಗಳು ರಾಡಿಯಲ್ಲಿ ಸುಮ್ಮನೆ ಕೂತಿದ್ದವು, ಜೆಸಿಬಿಯ ಬಕೆಟ್ಟು ಅವನ್ನೂ ರಾಡಿಯ ಜೊತೆಗೇ ಎತ್ತಿ ಟ್ರ್ಯಾಕ್ಟರಿಗೆ ಹಾಕಿತು. ಅತ್ತೆ ಒಂದು ಗಡಿಗೆ ಮಜ್ಜಿಗೆ ಇಟ್ಟುಕೊಂಡು ದಿಬ್ಬದ ಮೇಲೆ ಕೂತು ಎಲ್ಲರಿಗೂ ಕೊಟ್ಟಳು. ಅವಳು ಅಷ್ಟು ಖುಷಿಯಾಗಿದ್ದದ್ದನ್ನು ನಾನು ನೀರಿನ ಹೊರಗೆ ನೋಡಿರಲಿಲ್ಲ. ಜಾರಿಬಿದ್ದ ಉಸುಕು, ಕರೀ ರಾಡಿ ಮುಗಿದ ಮೇಲೆ ಒಂದು ಗೇಣು ಗಟ್ಟಿ ಜೇಡಿ ಬಂತು, ಬೂದು ಬಣ್ಣದ್ದು, ಕುಂಬಾರರು ನೋಡಿದರೆ ಆಸೆಪಡುವಂಥದ್ದು. ಅದನ್ನೂ ಒಡೆದು ತೆಗೆದರು. ಅದರ ಕೆಳಗೆ ಬೆಳ್ಳನೆ ಉಸುಕು.

"ಚೊಕ್ಕ ಉಸುಕು ಬಂತ್ರಿ!" ಎಂದು ಜೆಸಿಬಿಯವನು ಕೂಗಿದ. ಮಂದಿ ಚಪ್ಪಾಳೆ ತಟ್ಟಿದರು. ಅತ್ತೆ ದಿಬ್ಬದಿಂದ ಜಾರಿ ಕೆಳಗೆ ಹೋಗಿ, ಆ ಉಸುಕನ್ನು ಮುಷ್ಟಿಯಲ್ಲಿ ಹಿಡಿದು ನೋಡಿ, "ನಡುವಿನಾಗ ಇನ್ನೊಂದೀಟು ತಗಿಯಪ್ಪ" ಎಂದಳು. ಅವನು ತೆಗೆದ.

ಮುಂಗಾರು ಮಳೆ ಚೆನ್ನಾಗಿಯೇ ಆಯಿತು. ಹೊಂಡ ತುಂಬಿದೆ ಎಂದು ಅತ್ತೆ ಫೋನಿನಲ್ಲಿ ಕೂಗಿ ಹೇಳಿದಳು. ಮರುದಿನ ಮಧ್ಯಾಹ್ನ ಅವಳು ದಿಬ್ಬ ಹತ್ತಿ ನೋಡುವಾಗ ಕೆಳಗೆ ಒಂದು ತಂಬಿಗೆ ನೀರೂ ಇರಲಿಲ್ಲ. ಇನ್ನೊಂದು ಮಳೆ ಬಂತು, ತುಂಬಿತು, ಬೆಳಗಾಗುವುದರೊಳಗೆ ಬರಿದಾಯಿತು. ಮೊದಲು ಯಾರೋ ಪಂಪು ಹಚ್ಚಿ ಕದಿಯುತ್ತಿದ್ದಾರೆಂದು ಒಬ್ಬರನ್ನೊಬ್ಬರು ಅನುಮಾನಿಸಿದರು. ಆಮೇಲೆ ಗಂಗಮ್ಮ ಮುನಿದಿದ್ದಾಳೆಂದು ಉಡಿ ತುಂಬಿದರು. ಕೊನೆಗೆ ನಮ್ಮವ್ವ ಪಾತ್ರೆ ತಿಕ್ಕುತ್ತ ತಿಕ್ಕುತ್ತ, ಯಾರಿಗೂ ಹೇಳದ ಹಾಗೆ ಹೇಳಿದಳು: "ಕರಿ ಹಿಡದ ಗಡಿಗಿ ಅಂತ ತಿಕ್ಕಿ ತಿಕ್ಕಿ ತಳಾನ ತಗದೀವಿ." ಅಷ್ಟೇ ಆಗಿದ್ದದ್ದು. ಆ ರಾಡಿ, ಆ ಜೇಡಿಯೇ ಹೊಂಡ. ಅದು ತಪ್ಪಿದರೆ ಉಳಿಯುವುದು ಉಸುಕು, ಉಸುಕಿನಲ್ಲಿ ನೀರು ನಿಲ್ಲುವುದಿಲ್ಲ ಎಂದು ಕೂಡ್ಲಿಗಿಯ ನೆಂಟರಿಗೂ ಗೊತ್ತಿತ್ತು.

ಊರಿಗೆ ತಪ್ಪು ಗೊತ್ತಾದ ಕೂಡಲೇ ತಪ್ಪಿತಸ್ಥರೂ ಸಿಕ್ಕರು. ಜೆಸಿಬಿಯವನಲ್ಲ, ಒಪ್ಪಿಗೆ ಕೊಟ್ಟ ಸಭೆಯಲ್ಲ. ಕುಂಟವ್ವ. "ಆಕೀನ ಅಲ್ಲೇನು ಇನ್ನೊಂದೀಟು ತಗಿ ಅಂದಾಕಿ?" ಎಂದರು. ಅವಳು ಬೀದಿಯಲ್ಲಿ ಹಾದುಹೋದರೆ ಕಟ್ಟೆಯಿಂದ ಯಾರಾದರೂ "ಮಾಡಿದ್ದುಣ್ಣೋ ಮಹಾರಾಯ" ಎನ್ನುವರು, ಗಾಳಿಗೆ ಹೇಳಿದಂತೆ. ಅತ್ತೆ ಇದಕ್ಕೆಲ್ಲ ಜಗ್ಗಲಿಲ್ಲ. ತೆಗೆದದ್ದನ್ನು ಮತ್ತೆ ಹಾಕಿದರಾಯಿತು ಎಂಬುದು ಅವಳ ಲೆಕ್ಕ. ಜೇಡಿ ಎಲ್ಲಿಗೂ ಹೋಗಿಲ್ಲವಲ್ಲ, ಎಲ್ಲರ ಹೊಲದಲ್ಲಿ ಬಿದ್ದಿದೆ. ಮೊಣಕಾಲು ಒತ್ತಿಕೊಂಡು ಮನೆ ಮನೆಗೆ ಹೋದಳು. ಅವಳಿಂದ ಈಜು ಕಲಿಯದವರು ಆ ಮನೆಗಳಲ್ಲಿ ಕಡಿಮೆ. ಒಂದು ಟ್ರ್ಯಾಕ್ಟರ್ ಬೇಡ, ಒಂದು ಬುಟ್ಟಿಯಾದರೂ ಹಾಕಿ ಎಂದು ಕೇಳಿದಳು.

ಆ ವರ್ಷ ಗೋಡು ಬಿದ್ದ ಹೊಲಗಳಲ್ಲಿ ಮೆಕ್ಕೆಜೋಳ ಆಳುದ್ದ ಎದ್ದು ನಿಂತಿತ್ತು. ಎಲ್ಲರಿಗಿಂತ ಹೆಚ್ಚು ಗೋಡು ಹೊಡೆಸಿಕೊಂಡಿದ್ದವನು ಮೆಂಬರ್. ಅವನು ಅತ್ತೆಯನ್ನು ಕೂರಿಸಿ ಚಹಾ ಕೊಟ್ಟನಂತೆ. ಹೊಲದ ಕಡೆ ಕೈ ತೋರಿಸಿ, "ಬೆಳೀ ತಗದ ಮ್ಯಾಲ ನೋಡೋಣವ್ವ" ಎಂದನಂತೆ. ಮುಂದಿನ ಮನೆಯಲ್ಲೂ ಅದೇ ಮಾತು. ಬೆಳೆ ತೆಗೆದ ಮೇಲೆ ಹೋದಳು. "ನೇಗಿಲು ಹೊಡದು ಎಲ್ಲಾ ಬೆರೆತು ಹೋಗೈತಿ, ಹೆಂಗ ಆರಿಸಿ ಕೊಡಾನ?" ಎಂದರು.

ನಮ್ಮ ಹೊಲದಲ್ಲೂ ಗೋಡು ಬಿದ್ದಿತ್ತು. ಅಪ್ಪ ಏನು ಹೇಳುತ್ತಾನೆಂದು ನಾನು ಕಾದಿದ್ದೆ. ಅಪ್ಪ ಕೆಟ್ಟವನಲ್ಲ, ಅಕ್ಕನನ್ನು ಜೀವನವಿಡೀ ಸಾಕಿದವನು. "ಊರಾಗ ಮಂದಿ ಹಾಕಿದ್ರ ನಾನೂ ಹಾಕ್ತೀನಿ. ನಾ ಒಬ್ಬಾವ ಹಾಕಿದ್ರ ನೀರು ನಿಂದರ್ತೈತೇನು?" ಎಂದ. ಮಾತಿನಲ್ಲಿ ಸುಳ್ಳಿಲ್ಲ. ಊರಿನ ಪ್ರತಿಯೊಬ್ಬನೂ ಅದೇ ನಿಜವನ್ನೇ ಹೇಳಿದ, ಅದಕ್ಕೇ ಅಪ್ಪನ ಮೇಲೆ ನನಗೆ ಇವತ್ತಿಗೂ ಸಿಟ್ಟು. ಅತ್ತೆ ತಾನೇ ಒಂದು ಬುಟ್ಟಿ ಹೊತ್ತು ತೆವಳುತ್ತ ದಿಬ್ಬ ದಾಟಿಸಿದಳೆಂದು ಅವ್ವ ಹೇಳಿದಳು. ಎಷ್ಟು ಬುಟ್ಟಿ ಹಾಕಿದಳೋ ತಿಳಿಯದು. ಆಷಾಢದಲ್ಲಿ ಗಾಳಿ ಉಸುಕು ತಂದು ಅದನ್ನೂ ಮುಚ್ಚಿತು. ಆ ಮೇಲೆ ಅವಳು ಹೋಗಲಿಲ್ಲ. ಮನೆಯಲ್ಲಿ ಗೂಟಕ್ಕೆ ತೂಗುಹಾಕಿದ್ದ ಬೆಂಡುಗಳ ಎದುರಿಗೆ ಕೂತಿರುತ್ತಿದ್ದಳು. ಕಾಲಿನ ಗಂಟುಗಳು ಬಿಗಿದುಕೊಂಡವು, ಒಳಗಿನಿಂದ ಹೊರಗೆ ಬರಲು ಗೋಡೆ ಹಿಡಿಯಬೇಕಾಯಿತು.

ಹೊಂಡ ಹೋಯಿತೆಂದು ನೀರು ಹೋಗಲಿಲ್ಲ, ಇದ್ದವರಿಗೆ ಇದ್ದೇ ಇರುತ್ತದೆ. ಮೆಂಬರ್ ತನ್ನ ಹೊಲದಲ್ಲಿ ಕೃಷಿಹೊಂಡ ತೋಡಿಸಿ, ತಳಕ್ಕೆ ಕರೀ ಪ್ಲಾಸ್ಟಿಕ್ ಹಾಸಿಸಿ, ಬೋರಿನ ನೀರು ತುಂಬಿಸಿದ. ತಳ ಸೋರಬಾರದೆಂಬ ಬುದ್ಧಿ ಸ್ವಂತ ಹೊಂಡವಾದಾಗ ಬಂತು. ಒಂದು ದಿನ ಇಳಿದು ಈಜಲೇ ಎಂದು ಅತ್ತೆ ಕೇಳಿಕಳಿಸಿದಳಂತೆ. ಬೆಳೆಯ ನೀರು, ಮೈ ತೊಳೆಯುವುದಕ್ಕಲ್ಲ ಎಂದು ಉತ್ತರ ಬಂತಂತೆ.

ಮುಂದಿನದನ್ನು ನಾನು ನೋಡಿದ್ದು ಫೋನಿನಲ್ಲಿ. ಹಡಗಲಿಯ ನಮ್ಮ ಮನೆಯಲ್ಲಿ ಮಲ್ಲಿಗೆ ಕಟ್ಟುತ್ತ ಕೂತಿದ್ದೆವು. ಪಕ್ಕದ ಮನೆಯಾಕೆ ನಗುತ್ತ ಫೋನು ಮುಂದೆ ಹಿಡಿದಳು. "ನೋಡ್ರಿ ಅಕ್ಕ, ಎಮ್ಮಿ ಬಿದ್ದಂಗ ಬಿದ್ದಾಳ ಯಾವಕೀನೋ." ಪ್ಲಾಸ್ಟಿಕ್ ಹೊಂಡದ ನಡುವೆ ಒಬ್ಬ ಮುದುಕಿ ಅಂಗಾತ ತೇಲುತ್ತಿದ್ದಳು. ಕೈಗಳು ಮೆಲ್ಲಗೆ ಆಡುತ್ತಿದ್ದವು, ಕಣ್ಣು ಮುಚ್ಚಿದ್ದಳು. ದಡದಿಂದ ಯಾರೋ, "ಸತ್ತಾಳೇನಲೇ ಕುಂಟಿ?" ಎಂದರು. ಆ ದನಿ ಗುರುತಿತ್ತು, ಮೆಂಬರನದು. ಕಣ್ಣು ತೆರೆದು ಅವಳು ದಡ ನೋಡಿದಳು, ಮತ್ತೆ ಮುಚ್ಚಿದಳು. ಆಮೇಲೆ ಹಗ್ಗ ಎಸೆದರು. ಅವಳು ಹಿಡಿಯಲಿಲ್ಲ. ಒಬ್ಬ ಇಳಿದು ಕಂಕುಳಿಗೆ ಹಗ್ಗ ಕಟ್ಟಿದ, ಐದಾರು ಜನ ಎಳೆದರು. ಜಾರುವ ಪ್ಲಾಸ್ಟಿಕ್ಕಿನ ಮೇಲೆ ಅವಳು ಎರಡು ಬಾರಿ ಮೇಲೆ ಬಂದು ಎರಡು ಬಾರಿ ಕೆಳಗೆ ಹೋದಳು. ಸೀರೆ ಮೇಲೆ ಸರಿದು ಆ ಕಾಲು ಪೂರ್ತಿ ಕಾಣುತ್ತಿತ್ತು. ವಿಡಿಯೋ ಮಾಡಿದವನು ಫೋನನ್ನು ಅದರ ಹತ್ತಿರಕ್ಕೇ ಒಯ್ದಿದ್ದ. ನಗು ಕೇಳುತ್ತಲೇ ಇತ್ತು.

"ನಮ್ಮತ್ತಿ ಅದು" ಎಂದೆ. ಆಕೆ ಫೋನು ಒಳಗಿಟ್ಟುಕೊಂಡು ಹೂವು ಕಟ್ಟತೊಡಗಿದಳು.

ಮರುದಿನ ಬೆಳಗಿನ ಬಸ್ಸಿಗೆ ಊರಿಗೆ ಹೋದೆ. ಅತ್ತೆ ಪಡಸಾಲೆಯಲ್ಲಿ ಕೂತಿದ್ದಳು. ಹೊಲದಲ್ಲಿ ಯಾರೂ ಇಲ್ಲದ ಹೊತ್ತು ತಾನೇ ತೆವಳುತ್ತ ಹೋಗಿ ನೀರಿಗೆ ಜಾರಿದ್ದಳಂತೆ. ಕಂಕುಳ ಕೆಳಗೆ ಹಗ್ಗ ಉಜ್ಜಿ ಚರ್ಮ ಸುಲಿದಿತ್ತು. "ಕೂಗಬಾರದಾ ಅತ್ತಿ? ಯಾರರ ಮೊದಲ ಬರ್ತಿದ್ರು" ಎಂದೆ.

"ಯಾಕ ಕೂಗ್ಲಿ?" ಎಂದಳು. "ಕಾಲು ತಾಗಿದ್ದಿಲ್ಲ."

ಮಧ್ಯಾಹ್ನ ಮೆಂಬರ್ ಬಂದ, ಹಿಂದೆ ಅವನ ಮಗ. ಕ್ಷಮೆ ಕೇಳಲು ಬಂದನೇನೋ ಎಂದುಕೊಂಡೆ, ಅಷ್ಟು ದಡ್ಡಿ ನಾನು. ಅವನಿಗೆ ಹಿಂದಿನ ರಾತ್ರಿ ನಿದ್ದೆ ಬಂದಿರಲಿಲ್ಲವಂತೆ. ಈಜು ಬಲ್ಲವಳೇ ಏರಲಾಗದ ಹೊಂಡದಲ್ಲಿ ತನ್ನ ಮಗ ಬಿದ್ದರೆ ಏನು ಗತಿ ಎಂದು ಆಗ ಹೊಳೆದಿದೆ. ಉಸುಕಿನ ಹೊಂಡ ಹೋದ ಮೇಲೆ ಊರಿನ ಒಂದು ಮಗುವೂ ಈಜು ಕಲಿತಿಲ್ಲ.

"ಯವ್ವಾ, ಹಗ್ಗದ ನಿಚ್ಚಣಿಕಿ ಕಟ್ಟಿಸ್ತೀನಿ" ಎಂದ. ಆ ಬಾಯಲ್ಲಿ ಅಷ್ಟು ಮೆತ್ತಗಿನ ಮಾತನ್ನು ನಾನು ಕೇಳಿರಲಿಲ್ಲ. "ನಮ್ಮ ಹುಡುಗನ್ನ ಕಳಸ್ತೀನಿ ನಿನ್ನ ಕರಕೊಂಡು ಬರಾಕ. ದಿನಾ ಬಂದು ನೀರಿಗಿಳಿ, ಎಷ್ಟೊತ್ತರ ಇರು. ಇವಗೊಂದು ಈಜು ಕಲಿಸು ಸಾಕು."

ಅತ್ತೆ ಗೂಟದಲ್ಲಿದ್ದ ಬೆಂಡುಗಳನ್ನು ನೋಡಿದಳು. ಹುಡುಗನ ಬೆನ್ನನ್ನು ನೋಡಿದಳು, ಯಾವ ಬೆಂಡು ಸರಿಹೋಗುತ್ತದೆಂದು ಅಳೆಯುವವಳಂತೆ. ಅವಳಿಗೆ ಆ ನೀರು ಬೇಕಿತ್ತು. ಪಕ್ಕದಲ್ಲಿ ಕೂತಿದ್ದ ನನಗೆ ಅದು ಅವಳ ಉಸಿರಿನಲ್ಲೇ ಕೇಳುತ್ತಿತ್ತು. ಹೂಂ ಅನ್ನು ಅತ್ತೆ, ಅನ್ನು, ಎಂದು ನಾನು ಮನಸ್ಸಿನಲ್ಲಿ ಬೇಡಿಕೊಂಡೆ.

"ಬೆಳೀ ತಗದ ಮ್ಯಾಲ ನೋಡೋಣಪ್ಪ" ಎಂದಳು.

ಅವನ ಮುಖ ಕೆಂಪಗಾಯಿತು. ಮಗನ ರಟ್ಟೆ ಹಿಡಿದು ಎಳೆದುಕೊಂಡು ಹೋದ. ಸಂಜೆಯೊಳಗೆ ಹೊಂಡದ ಸುತ್ತ ಮುಳ್ಳುತಂತಿ ಬಿಗಿಯಲು ಆಳು ಬಂದರೆಂದು ಅಪ್ಪ ಹೊಲದಿಂದ ಸುದ್ದಿ ತಂದ.

ಅತ್ತೆ ಎಲ್ಲ ಬೆಂಡುಗಳನ್ನೂ ಇಳಿಸಲು ಹೇಳಿದಳು. "ನೀರೊಲಿಗೆ ಹಾಕು, ಮೈ ತೊಳಕೊಂತೀನಿ" ಎಂದಳು. ಹಾಕಿದೆ. ಬೆಂಡು ಬೇಗ ಹತ್ತಿಕೊಂಡಿತು, ಭಗ್ಗೆಂದು ಉರಿದು ಬೇಗ ಮುಗಿಯಿತು. ಹಂಡೆಯ ನೀರು ಉಗುರುಬೆಚ್ಚಗೂ ಆಗಲಿಲ್ಲ. ಸೌದೆ ತರುತ್ತೇನೆಂದರೆ ಬೇಡವೆಂದಳು. ಬಚ್ಚಲ ಕಲ್ಲಿನ ಮೇಲೆ ಕೂತು, ಆ ಕಾಲನ್ನು ಮುಂದೆ ಚಾಚಿ, "ಹಾಕು" ಎಂದಳು. ನಾನು ತಂಬಿಗೆಯಿಂದ ತಣ್ಣೀರನ್ನೇ ಹಾಕಿದೆ.